ಕಾಲಿನ ಪೆಟ್ಟು

ಜನವರಿ 11

ತಮ್ಮಾ,

ಕವರಿನ ಮೇಲೆ ನನ್ನ ಅಕ್ಷರ ನೋಡಿ ನಿನ್ನ ಎದೆ ಧಸಕ್ಕೆಂದಿರಬೇಕು. ಹೆದರಬೇಡ, ಎಲ್ಲರೂ ಇದ್ದೇವೆ. ಫೋನಿನಲ್ಲಿ ಎರಡು ಸಾಲು ಒತ್ತಿ ಕಳಿಸಬಹುದಿತ್ತು. ನೀನು ಅದಕ್ಕೊಂದು ಹೆಬ್ಬೆರಳಿನ ಚಿತ್ರ ಹಾಕಿ ಕೈತೊಳೆದುಕೊಳ್ಳುತ್ತೀಯ ಅಂತ ಗೊತ್ತು. ಮಾತಾಡೋಣ ಎಂದರೆ ನಿನಗೆ ಕಿವಿ ಕೇಳಿಸುವುದಿಲ್ಲ, ಕೇಳಿಸಿದ್ದರೆ ನನ್ನ ಬಾಯಿ ಸುಮ್ಮನಿರುತ್ತಿರಲಿಲ್ಲ. ಕಾಗದವೇ ವಾಸಿ. ಬೈದದ್ದನ್ನು ಹೊಡೆದುಹಾಕಿ ಮತ್ತೆ ಬರೆಯಬಹುದು.

ನಿನ್ನ ಭಾವನ ವಿಷಯ ಯಾರಾದರೂ ನಿನಗೆ ಹೇಳಿಯೇ ಇರುತ್ತಾರೆ. ಅಕ್ಟೋಬರಿನಲ್ಲಿ ಪಾರ್ಶ್ವವಾಯು ಬಡಿಯಿತು. ಬಲಗೈ ಬಲಗಾಲು ಬಿದ್ದುಹೋಗಿವೆ, ಮಾತು ನಿಂತುಹೋಗಿದೆ. ಎಡಗೈ ಅಷ್ಟಿಷ್ಟು ಆಡುತ್ತದೆ. ನಾವು ಹೇಳಿದ್ದು ಎಷ್ಟು ತಿಳಿಯುತ್ತದೋ ವೈದ್ಯರಿಗೂ ಗೊತ್ತಿಲ್ಲ. ಬಾಡಿಗೆಗೆ ತಂದ ಕಬ್ಬಿಣದ ಮಂಚದ ಮೇಲೆ ನಡುಮನೆಯಲ್ಲಿ ಮಲಗಿರುತ್ತಾರೆ. ಒಂದು ಲೋಟ ಕೈಜಾರಿ ಬಿದ್ದರೆ ಮೈಯೆಲ್ಲ ನಡುಗಿ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತದೆ. ಮನೆಯಲ್ಲಿ ಗದ್ದಲ ಕೂಡದು ಎಂದಿದ್ದಾರೆ. ನಾನು ಹೊಲಿಗೆ ಯಂತ್ರವನ್ನೂ ಟೈಲರ್ ಅಂಗಡಿಗೆ ಸಾಗಿಸಿ ಅಲ್ಲೇ ಕೂತು ಆಲ್ಟರೇಷನ್ ಕೆಲಸ ಮಾಡಿ ಬರುತ್ತೇನೆ. ಬಾಗಿಲಿನ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟಿದ್ದೇನೆ. ಮನೆ ಎಷ್ಟು ಮೌನವಾಗಿದೆ ಎಂದರೆ ಒಮ್ಮೊಮ್ಮೆ ನನಗೇ ಕಿರುಚಬೇಕೆನ್ನಿಸುತ್ತದೆ.

ಈಗ ಕಾಗದ ಬರೆದ ಕಾರಣ. ಡಬ್ಬಿಗೆ ಹದಿನೆಂಟಾಯಿತು. ಅಡುಗೆಮನೆಯ ಡಬ್ಬಗಳನ್ನೆಲ್ಲ ಕುಟ್ಟಿ ತಗ್ಗು ಬೀಳಿಸುತ್ತಾಳೆಂದು ನೀನೇ ಇಟ್ಟ ಹೆಸರು, ಅದೇ ನಿಂತುಬಿಟ್ಟಿದೆ. ನೀನು ಬಿಟ್ಟುಹೋದ ಡ್ರಮ್ ಸೆಟ್ಟಿನ ಮೇಲೆಯೇ ಕಲಿತಳು. ಸಂಗೀತದ ಕಾಲೇಜು ಸೇರಬೇಕೆಂದಿದ್ದಾಳೆ. ಮೇ ಹತ್ತರೊಳಗೆ ತಾನು ನುಡಿಸಿದ್ದನ್ನು ರೆಕಾರ್ಡ್ ಮಾಡಿ ಕಳಿಸಬೇಕಂತೆ. ಆ ಸೆಟ್ಟು ಅಕ್ಟೋಬರಿನಿಂದ ಬೆಡ್‌ಶೀಟು ಹೊದ್ದು ಕೂತಿದೆ. ಕೇಳಿದರೆ "ಬಿಡಮ್ಮ, ಮುಂದಿನ ವರ್ಷ ನೋಡೋಣ" ಅನ್ನುತ್ತಾಳೆ, ಆಮೇಲೆ ಕೋಣೆ ಸೇರಿ ದಿಂಬಿನ ಮೇಲೆ ಕಡ್ಡಿ ಆಡಿಸುತ್ತಾಳೆ. ಅವರಪ್ಪನ ಕಾಯಿಲೆ ಇವಳ ಕೈಯನ್ನೂ ಕಟ್ಟಿಹಾಕಬಾರದು. ನನಗಿರುವುದು ಅದೊಂದೇ ಹಟ.

ಸದ್ದಿಲ್ಲದ ಎಲೆಕ್ಟ್ರಾನಿಕ್ ಡ್ರಮ್ ಬರುತ್ತದಂತಲ್ಲ, ಯಾವುದು ತೆಗೆದುಕೊಳ್ಳಲಿ? ಇಲ್ಲಿನ ಅಂಗಡಿಯವನು ಮೂರು ತೋರಿಸಿ ಮೂರೂ ಚಿನ್ನ ಎಂದ. ಸೀರೆ ಅಂಗಡಿಯವನೂ ಹಾಗೇ ಹೇಳುತ್ತಾನೆ, ನಾನು ನಂಬುವುದಿಲ್ಲ.

ನಿಮ್ಮಿಬ್ಬರ ಜಗಳಕ್ಕೆ ನಾನು ಬರುವುದಿಲ್ಲ. ಅಷ್ಟು ವರ್ಷ ಒಂದೇ ತಂಡದಲ್ಲಿ ಅವರು ಬೇಸ್ ಗಿಟಾರ್ ಹಿಡಿದು, ನೀನು ಡ್ರಮ್ ಮುಂದಿಟ್ಟುಕೊಂಡು ನುಡಿಸಿದಿರಿ. ಒಂದು ದಿನ ಎಲ್ಲರೆದುರು ಅವರು "ನಿನಗೆ ಕೇಳಿಸ್ತಿಲ್ಲ, ಇಳಿ" ಎಂದರು. ವೇದಿಕೆ ಇಳಿದವನು ನಮ್ಮ ಮನೆ ಮೆಟ್ಟಿಲನ್ನೂ ಹತ್ತಲಿಲ್ಲ. ಅವರು ಅಂದದ್ದು ತಪ್ಪೋ ಸರಿಯೋ, ಈಗ ಅವರ ಬಾಯಿಯಿಂದ ಇನ್ನೊಂದು ಮಾತು ಬರುವ ಹಾಗಿಲ್ಲ.

ನಿನ್ನ
ಅಕ್ಕ

*

ಜನವರಿ 19

ಅಕ್ಕಾ,

ಕಾಗದ ಬಂತು. ವಾದ್ಯದ ಅಂಗಡಿಯ ರಿಪೇರಿ ಕೋಣೆಯಲ್ಲಿ ಒಡೆದ ಡ್ರಮ್ಮುಗಳ ನಡುವೆ ಕೂತು ಓದಿದೆ. ನನ್ನ ಕಿವಿಯ ಮಾತೆತ್ತಿದ್ದೀಯ. ಬಲಗಿವಿ ಪೂರ್ತಿ ಹೋಯಿತು, ಎಡಗಿವಿಯಲ್ಲಿ ಯಾವಾಗಲೂ ಯಾರೋ ಪಾತ್ರೆ ಉಜ್ಜುತ್ತಿರುತ್ತಾರೆ. ಆದರೂ ಅಂಗಡಿ ಯಜಮಾನರು ಗಿರಾಕಿಗಳನ್ನು ನನ್ನ ಹತ್ತಿರವೇ ಕಳಿಸುತ್ತಾರೆ. ಕೋಣನ ಮುಂದೆ ಕಿನ್ನರಿ ಬಾರಿಸಬಾರದು ಅನ್ನುತ್ತಾರೆ, ಇಲ್ಲಿ ಕೋಣನೇ ಕಿನ್ನರಿ ಮಾರುತ್ತಿದೆ.

ನಿನ್ನ ಅಂಗಡಿಯವನು ತೋರಿಸಿದ ಮೂರನ್ನೂ ಮರೆತುಬಿಡು. ಅಗ್ಗದ್ದರಲ್ಲಿ ಹೊಡೆಯುವ ಜಾಗಕ್ಕೆ ರಬ್ಬರ್ ಹಾಕಿರುತ್ತಾರೆ. ಹೆಡ್‌ಫೋನ್ ಹಾಕಿಕೊಂಡವಳಿಗೆ ಅದು ಡ್ರಮ್ಮು, ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಯಾರೋ ಚಪ್ಪಲಿಯಿಂದ ಮೇಜು ಬಡಿದ ಹಾಗೆ. ಇವಳಿಗೆ ಬೇಕಾದದ್ದು ಮೆಶ್‌ನದು. ಸೊಳ್ಳೆಪರದೆಗಿಂತ ಬಿಗಿಯಾದ ಬಲೆ ಅದು, ಕಡ್ಡಿ ಬಿದ್ದರೆ ಪುಟಿಯುತ್ತದೆ, ಉಸಿರಿನಷ್ಟು ಸದ್ದು. ತಾಳದ ತಟ್ಟೆಯಂಥ ಸಿಂಬಲ್ಲುಗಳು ಮಾತ್ರ ರಬ್ಬರಿನವೇ ಬರುತ್ತವೆ, ಬಾಗಿಲು ಮುಚ್ಚಿದರೆ ಅಡ್ಡಿಯಿಲ್ಲ. ಜೊತೆಗೆ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ, ಸದ್ದೆಲ್ಲ ಅದರೊಳಗೆ. ಅದರಿಂದ ಒಂದು ವೈರು ಕಂಪ್ಯೂಟರಿಗೆ ಎಳೆದರೆ ಅವಳು ನುಡಿಸಿದ್ದು ಹಾಗೇ ರೆಕಾರ್ಡ್ ಆಗುತ್ತದೆ. ಮೈಕು ಬೇಡ, ಸ್ಟುಡಿಯೋ ಬೇಡ, ಬೀದಿಯ ಹಾರನ್ನು ನಡುವೆ ನುಗ್ಗುವುದಿಲ್ಲ.

ಒಂದೇ ಒಂದು ಕಡೆ ನಾನು ಬಗ್ಗುವುದಿಲ್ಲ. ಕಾಲಿನ ಪೆಡಲ್ಲು. ತುಳಿದರೆ ಪುಟ್ಟ ಸುತ್ತಿಗೆಯೊಂದು ಡ್ರಮ್ಮಿಗೆ ಬಡಿಯುತ್ತದೆ. ಸುತ್ತಿಗೆಯಿಲ್ಲದ ಪೆಡಲ್ಲೂ ಬರುತ್ತದೆ, ಒತ್ತಿದರೆ ಸ್ವಿಚ್ಚು, ಸದ್ದೇ ಇಲ್ಲ. ಅದರ ಮೇಲೆ ಕಲಿತ ಕಾಲು ನಿಜವಾದ ಡ್ರಮ್ಮಿನ ಮುಂದೆ ಕೂತಾಗ ಕುಂಟುತ್ತದೆ. ನೀನು ಕಾಲಲ್ಲಿ ತುಳಿಯುವ ಯಂತ್ರದಿಂದ ಮೋಟಾರಿನ ಯಂತ್ರಕ್ಕೆ ಹೋದಾಗ ಒಂದು ವಾರ ಎಲ್ಲ ಅಂಗಿಗಳ ತೋಳೂ ಸೊಟ್ಟವಾಗಿದ್ದವಲ್ಲ, ಹಾಗೆ. ಕಾಲೇಜಿನವರು ಒಂದು ದಿನ ಅವಳನ್ನು ಕರೆದು ನಿಜವಾದ ಸೆಟ್ಟಿನ ಮುಂದೆ ಕೂರಿಸಿಯೇ ಕೂರಿಸುತ್ತಾರೆ. ಸುತ್ತಿಗೆ ಇರುವ ಪೆಡಲ್ಲೇ ಇರಲಿ.

ನಮ್ಮಲ್ಲಿ ಒಬ್ಬರು ವಾಪಸು ಕೊಟ್ಟ ಸೆಟ್ಟಿದೆ, ಬಲೆ ಸ್ವಲ್ಪ ಸಡಿಲ. ಬಲೆ ನಾನೇ ಬದಲಿಸಿ ಕಳಿಸುತ್ತೇನೆ. ಹಣದ ಮಾತೆತ್ತಿದರೆ ಕಳಿಸುವುದಿಲ್ಲ. ಸೋದರಮಾವ ಎನ್ನುವ ಹೆಸರಿಗೆ ಇಷ್ಟು ದಿನ ನಾನು ಮಾಡಿದ್ದಾದರೂ ಏನು?

ನಿಮ್ಮದು ಹಳೇ ಕಟ್ಟಡ, ಮರದ ಹಲಗೆಯ ನೆಲ ಅಂತ ನೆನಪು. ಕೆಳಗೆ ಯಾರಿದ್ದಾರೆ ಬರೆ.

ಭಾವ ಏನು ಊಟ ಮಾಡುತ್ತಾರೆ? ನಿದ್ದೆ ಬರುತ್ತದೆಯೇ? ಬೇರೇನೂ ಕೇಳಲು ತೋಚುತ್ತಿಲ್ಲ.

ನಿನ್ನ
ತಮ್ಮ

*

ಫೆಬ್ರವರಿ 14

ತಮ್ಮಾ,

ಸೆಟ್ಟು ಬಂತು. ಮೂರು ಪೆಟ್ಟಿಗೆ ಮೇಲಕ್ಕೆ ಹೊತ್ತವನು ಒಳಗೆ ಏನಿದೆ ಎಂದ, ಸದ್ದಿಲ್ಲದ ಡ್ರಮ್ಮು ಎಂದೆ, ಹಾಗಾದರೆ ಯಾಕೆ ತಗೊಂಡ್ರಿ ಎಂದ. ಕೂಲಿ ಕೊಟ್ಟು ಕಳಿಸಿದೆ.

ಸಂಜೆ ಆರಕ್ಕೆ ಅವರನ್ನು ನೋಡಿಕೊಳ್ಳುವ ದಾದಿ ಹೊರಡುತ್ತಾಳೆ, ನಾನು ಅಡುಗೆಗೆ ನಿಲ್ಲುತ್ತೇನೆ, ಡಬ್ಬಿ ಪಕ್ಕದ ಕೋಣೆಯಲ್ಲಿ ಕೂರುತ್ತಾಳೆ. ಬಾಗಿಲ ಸಂದಿಯಿಂದ ಇಣುಕಿದರೆ ಮೂಕಿ ಸಿನಿಮಾ. ತಲೆ ಕುಣಿಯುತ್ತದೆ, ಕೈ ಹಾರುತ್ತವೆ, ಬೆವರು ಇಳಿಯುತ್ತದೆ, ಕೇಳಿಸುವುದು ಮಾತ್ರ ಒಣಗಿದ ಬಟ್ಟೆ ಕೊಡವಿದಷ್ಟು ಸದ್ದು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಬಣ್ಣ ಬಂದಿದೆ. ನನಗೆ ಎಷ್ಟು ಹಿತವಾಯಿತೆಂದರೆ ಅಡುಗೆಮನೆಗೆ ಹೋಗಿ ಒಬ್ಬಳೇ ಅತ್ತೆ.

ಅವರು ಆ ಹೊತ್ತಿನಲ್ಲಿ ಕಣ್ಣು ಮುಚ್ಚಿ ಸುಮ್ಮನೆ ಮಲಗಿರುತ್ತಾರೆ. ಮೊದಲೆಲ್ಲ ಸಂಜೆಯಾದರೆ ತಳಮಳಿಸುತ್ತಿದ್ದರು, ಈಗ ಮಗುವಿನ ಹಾಗೆ. ಆದರೆ ತಮ್ಮಾ, ಆ ಪೆಡಲ್ಲು. ಕೆಳಗೆ ಕಾಗದದ ಗೋಡೌನು, ಐದಕ್ಕೇ ಬೀಗ ಬೀಳುತ್ತದೆ, ಅಲ್ಲಿಂದ ದೂರು ಬರುವುದಿಲ್ಲ. ಪೆಡಲ್ಲಿನ ಗುದ್ದು ನೆಲದ ಹಲಗೆಯ ಮೇಲೆ ಹರಿದು ಎಲ್ಲ ಕಡೆ ಹೋಗುತ್ತದೆ. ಅಡುಗೆಮನೆಯಲ್ಲಿ ತಟ್ಟೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ. ಮಂಚದ ಕಾಲುಗಳು ಅದೇ ಹಲಗೆಯ ಮೇಲೆ ನಿಂತಿವೆ. ಅವರಿಗೆ ಈವರೆಗೆ ಏನೂ ಆಗಿಲ್ಲ, ಆಗಿಬಿಟ್ಟರೆ? ಮೊದಲೇ ಗಾಜಿನಂಥ ಮನುಷ್ಯ ಆಗಿದ್ದಾರೆ. ನೀನೇ ಆರಿಸಿದ ಪೆಡಲ್ಲು, ನೀನೇ ದಾರಿ ಹೇಳು.

ಊಟ ಎಂದರೆ ಚಮಚದಲ್ಲಿ ತಿನ್ನಿಸುತ್ತೇನೆ. ನಿದ್ದೆ ಬರುತ್ತದೆ. ನಿನ್ನ ಕಾಗದ ಬಂದ ದಿನ ಇಂಥವನು ಬರೆದಿದ್ದಾನೆ ಎಂದೆ. ಎಡಗೈ ಎತ್ತಿ ಕಣ್ಣಿನ ಮೇಲಿಟ್ಟುಕೊಂಡರು. ಅದರರ್ಥ ಏನೆಂದು ನನ್ನನ್ನು ಕೇಳಬೇಡ, ಬಂದು ನೋಡು.

ನಿನ್ನ
ಅಕ್ಕ

*

ಫೆಬ್ರವರಿ 21

ಅಕ್ಕಾ,

ಸುಲಭ. ಡಬ್ಬಿಯೇ ಮಾಡಿಕೊಳ್ಳಲಿ. ಸೆಟ್ಟು ಹಿಡಿಸುವಷ್ಟು ಅಗಲದ ಎರಡು ಪ್ಲೈವುಡ್ ಹಲಗೆ. ಕೆಳಗಿನ ಹಲಗೆಯಲ್ಲಿ ಟೆನಿಸ್ ಚೆಂಡು ಅರ್ಧ ಮುಳುಗುವಷ್ಟು ದೊಡ್ಡ ತೂತುಗಳು, ಅಂಚಿಗೆ ಹತ್ತಿರ, ಪೆಡಲಿನ ಕೆಳಗೆ ಎರಡು ಹೆಚ್ಚು. ತೂತುಗಳಲ್ಲಿ ಚೆಂಡು ಕೂರಿಸಿ ಮೇಲೆ ಇನ್ನೊಂದು ಹಲಗೆ ಇಡುವುದು. ಮೇಲಿನ ಹಲಗೆ ನೆಲಕ್ಕಾಗಲಿ ಗೋಡೆಗಾಗಲಿ ತಾಗಕೂಡದು. ಗುದ್ದೆಲ್ಲ ಚೆಂಡಿನ ಹೊಟ್ಟೆಯೊಳಗೇ ಸತ್ತುಹೋಗುತ್ತದೆ. ಚಿತ್ರ ಬರೆದು ಇಟ್ಟಿದ್ದೇನೆ. ಇದನ್ನು ಮಾಡಿಕೊಟ್ಟ ಮೇಲೆ ಒಬ್ಬ ಗಿರಾಕಿಯೂ ತಿರುಗಿ ಬಂದು ದೂರಿಲ್ಲ.

ಬರಬೇಕೆಂದಿದ್ದೇನೆ. ಈ ತಿಂಗಳು ಯಜಮಾನರು ಊರಲ್ಲಿಲ್ಲ. ಮುಂದಿನ ತಿಂಗಳು ನೋಡುತ್ತೇನೆ. ಬಂದು ಎದುರಿಗೆ ಕೂತು ಮಾಡುವುದೇನು ಅಕ್ಕಾ? ಅವರಿಗೆ ಮಾತು ಬರುವುದಿಲ್ಲ, ನನಗೆ ಕೇಳುವುದಿಲ್ಲ.

ನಿನ್ನ
ತಮ್ಮ

*

ಮಾರ್ಚ್ 16

ಪ್ರೀತಿಯ ಮಾಮ,

ನಿಮಗೆ ಮೊದಲ ಸಲ ಬರೆಯುತ್ತಿದ್ದೇನೆ, ಅದೂ ಒಳ್ಳೆಯ ವಿಷಯಕ್ಕಲ್ಲ. ಬೈಯಬೇಡಿ.

ಹಲಗೆ ನಿಮ್ಮ ಚಿತ್ರದಲ್ಲಿದ್ದ ಹಾಗೇ ಮಾಡಿದೆ. ಒಂದು ತೂತು ಸೊಟ್ಟಗಾಗಿ ಆ ಚೆಂಡು ಮಾತ್ರ ಮುಖ ಊದಿಸಿಕೊಂಡು ಕೂತಿದೆ, ಉಳಿದವು ಸರಿಯಾಗಿವೆ. ಗುದ್ದು ಪೂರ್ತಿ ನಿಂತಿತು. ಅಮ್ಮ ತಟ್ಟೆಗಳ ಹತ್ತಿರ ಕಿವಿಯಿಟ್ಟು ಕೇಳಿ ನಿಮಗೆ ನೂರು ಅಂಕ ಕೊಟ್ಟಳು.

ಆದರೆ ಅವತ್ತಿನಿಂದಲೇ ಅಪ್ಪ ಶುರು ಮಾಡಿದರು. ನಾನು ಕೂತು ಸ್ವಲ್ಪ ಹೊತ್ತಿಗೆ ಮಂಚದ ಪಕ್ಕದ ಕಂಬಿಯನ್ನು ಎಡಗೈ ಗೆಣ್ಣಿನಿಂದ ತಟ್ಟುತ್ತಾರೆ. ಎರಡು ಸಲ, ಒಂದಿಷ್ಟು ಬಿಟ್ಟು ಮತ್ತೆ ಎರಡು ಸಲ. ಹೆಡ್‌ಫೋನಿನಲ್ಲಿ ನನಗೆ ಕೇಳಿಸುವುದಿಲ್ಲ, ಅಮ್ಮ ಓಡಿ ಬಂದು ಭುಜ ಮುಟ್ಟುತ್ತಾಳೆ. ನಾನು ನಿಲ್ಲಿಸಿ ಹೋಗಿ ನೋಡಿದರೆ ಅಪ್ಪ ನನ್ನನ್ನೇ ದಿಟ್ಟಿಸುತ್ತಾರೆ, ಇನ್ನೂ ಜೋರಾಗಿ ತಟ್ಟುತ್ತಾರೆ. ಗೆಣ್ಣಿನ ಚರ್ಮ ಸುಲಿದಿದೆ. ಅಮ್ಮ ಕಂಬಿಗೆ ಟವಲ್ ಸುತ್ತಿದಳು, ಟವಲ್ ಎಳೆದು ಬಿಸಾಕಿದರು. ವ್ಯಾಯಾಮ ಮಾಡಿಸಲು ಬರುವವರು ಸೆಳೆತ ಇರಬಹುದು ಎಂದು ಮಾತ್ರೆ ಬರೆಸಿದರು. ಮಾತ್ರೆ ನುಂಗಿದರೆ ತಟ್ಟುವುದು ನಿಲ್ಲುತ್ತದೆ, ಅಪ್ಪನೂ ಎಲ್ಲೋ ಹೋಗಿಬಿಡುತ್ತಾರೆ.

ಅಮ್ಮ ಹೇಳುವುದಿಲ್ಲ, ಆದರೆ ಇಬ್ಬರಿಗೂ ಗೊತ್ತಿದೆ. ಅಪ್ಪನಿಗೆ ನಾನು ನುಡಿಸುವುದು ಬೇಡ. ಸದ್ದು ಬರದಿದ್ದರೂ ನಾನು ಒಳಗೆ ಕೂತು ಅದನ್ನೇ ಮಾಡುತ್ತಿದ್ದೇನೆ ಅಂತ ತಿಳಿಯುತ್ತದೆ. ತಾನು ಹೀಗೆ ಬಿದ್ದಿರುವಾಗ ಮಗಳಿಗೆ ಇದು ಬೇಕಾ ಅನ್ನಿಸಿರಬೇಕು. ಅನ್ನಿಸಿದರೆ ತಪ್ಪೇನಿದೆ?

ನಾನು ನಿಲ್ಲಿಸಿ ನಾಲ್ಕು ದಿನವಾಯಿತು. ಸೆಟ್ಟು ವಾಪಸು ಕಳಿಸುತ್ತೇನೆ, ನಿಮ್ಮ ಯಜಮಾನರಿಗೆ ನೀವೇ ಏನಾದರೂ ಹೇಳಿ. ಅಮ್ಮನಿಗೆ ಈ ಕಾಗದದ ವಿಷಯ ಗೊತ್ತು. ಓದಿ ಅಂಚೆಚೀಟಿ ತಂದುಕೊಟ್ಟಳು.

ನಿಮ್ಮ
ಡಬ್ಬಿ

*

ಮಾರ್ಚ್ 20

ಡಬ್ಬಿ, ಅಕ್ಕ, ಇಬ್ಬರಿಗೂ,

ಫೋನಿಗೆ ಕಳಿಸಿದ ಎರಡು ಸಾಲು ಇಷ್ಟು ಹೊತ್ತಿಗೆ ನೋಡಿರುತ್ತೀರಿ. ಹಲಗೆ ತೆಗೆಯಿರಿ. ಈಗಲೇ ತೆಗೆಯಿರಿ. ಯಾಕೆಂದು ಇಲ್ಲಿ ಬಿಡಿಸಿ ಬರೆಯುತ್ತೇನೆ.

ನಿಮ್ಮಿಬ್ಬರ ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಗುದ್ದು ಬರುತ್ತಿದ್ದ ದಿನಗಳಲ್ಲಿ ಮಗುವಿನ ಹಾಗೆ ಮಲಗಿರುತ್ತಿದ್ದರು ಎಂದು ಅಕ್ಕನೇ ಬರೆದಿದ್ದಾಳೆ. ಗುದ್ದು ನಿಂತ ದಿನವೇ ತಟ್ಟಲು ಶುರು ಮಾಡಿದರು ಎಂದು ಡಬ್ಬಿ ಬರೆದಿದ್ದಾಳೆ. ನೀವು ಇದನ್ನು ಸದ್ದು ಎಂದುಕೊಂಡಿರಿ. ನಾನೂ ಗಿರಾಕಿಯ ದೂರು ಎಂದುಕೊಂಡೆ, ಔಷಧ ಹೇಳಿ ಬೆನ್ನು ತಟ್ಟಿಕೊಂಡೆ.

ಡಬ್ಬಿ, ಕೇಳು. ಬೇಸ್ ನುಡಿಸುವವನು ಹಾಡುಗಾರನನ್ನು ಕೇಳುವುದಿಲ್ಲ. ಅವನು ಕೇಳುವುದು ಡ್ರಮ್ಮಿನವನ ಕಾಲನ್ನು. ಆ ಕಾಲಿನ ಪೆಟ್ಟಿನ ಮೇಲೆಯೇ ಅವನು ತನ್ನ ತಂತಿ ಮಿಡಿಯಬೇಕು, ಅದು ಸಿಗದಿದ್ದರೆ ಕತ್ತಲಲ್ಲಿ ಮೆಟ್ಟಿಲು ಇಳಿದ ಹಾಗೆ. ವೇದಿಕೆಯ ಮೇಲೆ ಗದ್ದಲ ಹೆಚ್ಚಾಗಿ ನನ್ನ ಕಾಲು ಮೆತ್ತಗಾದರೆ ನಿಮ್ಮಪ್ಪ ನನ್ನ ಕಡೆ ಒಂದು ಹೆಜ್ಜೆ ಸರಿದು, ಎಡಗೈಯನ್ನು ತಂತಿಯಿಂದ ಬಿಡಿಸಿ, ಸಿಂಬಲ್ಲಿನ ಕಂಬಿಯನ್ನು ಗೆಣ್ಣಿನಿಂದ ಎರಡು ಸಲ ತಟ್ಟುತ್ತಿದ್ದರು. ಕಾಲು ಬರಲಿ ಎಂದರ್ಥ. ಅದು ನಮ್ಮಿಬ್ಬರ ನಡುವಿನ ಮಾತು, ತಂಡದ ಉಳಿದವರಿಗೂ ಗೊತ್ತಿರಲಿಲ್ಲ. ನಾನು ವೇದಿಕೆ ಇಳಿದ ದಿನವೂ ಅವರು ತಟ್ಟಿದ್ದರಂತೆ, ತಟ್ಟುತ್ತಲೇ ಇದ್ದರಂತೆ. ನನಗೆ ಕೇಳಿಸಲಿಲ್ಲ.

ಅವರು ನಿನಗೆ ನಿಲ್ಲಿಸು ಎಂದಿಲ್ಲ ಮಗಳೇ. ಕಾಲು ಬರಲಿ ಎನ್ನುತ್ತಿದ್ದಾರೆ.

ಪಾತ್ರೆ ಬಿದ್ದ ಸದ್ದು ಬೇರೆ, ಇದು ಬೇರೆ. ಕಿವುಡನ ಮಾತು ನಂಬಿ. ನಾನು ಈಗ ಎಲ್ಲವನ್ನೂ ಅಂಗಾಲಿನಿಂದಲೇ ಕೇಳುವುದು. ಗುದ್ದು ಕಿವಿಗೆ ಬರುವುದಿಲ್ಲ, ಮೂಳೆಗೆ ಬರುತ್ತದೆ, ಯಾರೋ ಪಕ್ಕದಲ್ಲಿದ್ದಾರೆ ಅನ್ನಿಸುತ್ತದೆ.

ಹಲಗೆ ತೆಗೆದು, ಸೆಟ್ಟನ್ನು ಅವರ ಗೋಡೆಯ ಪಕ್ಕಕ್ಕೆ ಎಳೆದುಕೊಂಡು ನುಡಿಸು. ನಾನು ಈ ತಿಂಗಳ ಕೊನೆಗೆ ಬರುತ್ತೇನೆ. ಟಿಕೆಟ್ ತೆಗೆಸಿದ್ದೇನೆ.

ತಮ್ಮ, ಮಾಮ

*

ಮಾರ್ಚ್ 27

ತಮ್ಮಾ,

ನಿನ್ನ ಎರಡು ಸಾಲು ಬಂದಾಗ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿದ್ದೆ. ಹಿಂದಿನ ದಿನ ಅವರಿಗೆ ಇನ್ನೊಂದು ಸಲ ಪಾರ್ಶ್ವವಾಯು ಬಡಿದಿತ್ತು. ಅಲ್ಲೇ ಬೆಂಚಿನ ಮೇಲೆ ಕೂತು ಓದಿದೆ, ಓದಿ ಡಬ್ಬಿಯ ಕೈಗೆ ಕೊಟ್ಟೆ. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

ವೈದ್ಯರು ಮೂರು ದಿನ ಇಟ್ಟುಕೊಂಡು, ಇನ್ನು ಮನೆಯಲ್ಲೇ ಇರಲಿ ಎಂದರು. ಹಾಗೆಂದರೆ ಏನೆಂದು ನಾವು ಕೇಳಲಿಲ್ಲ, ಅವರೂ ಬಿಡಿಸಿ ಹೇಳಲಿಲ್ಲ. ಮನೆಗೆ ತಂದ ದಿನ ನಿನ್ನ ಕಾಗದವೂ ಬಂದಿತ್ತು, ಓದಿದ ಸಂಜೆಯೇ ಡಬ್ಬಿ ಒಬ್ಬಳೇ ಸೆಟ್ಟೆಲ್ಲ ಬಿಚ್ಚಿ, ಹಲಗೆ ಎಳೆದು ಹೊರಗೆ ನಿಲ್ಲಿಸಿ, ಮತ್ತೆ ಗೋಡೆಯ ಪಕ್ಕ ಜೋಡಿಸಿದಳು. ನಾನು ಸಹಾಯಕ್ಕೆ ಹೋದರೆ ಬೇಡ ಎಂದಳು. "ನೀನು ಅಪ್ಪನ ಹತ್ರ ಕೂತ್ಕೋ. ಕೈ ನೋಡ್ತಿರು" ಅಂದಳು.

ಕೂತೆ. ಕಂಬಿಯ ಮೇಲೆ ಅವರ ಎಡಗೈ ಇಟ್ಟೆ. ಬೆರಳುಗಳನ್ನು ನಾನೇ ಬಿಡಿಸಿ ಕಂಬಿಗೆ ತಾಗಿಸಿದೆ. ಅವಳು ನುಡಿಸಿದಳು. ಎಷ್ಟು ಹೊತ್ತು ನುಡಿಸಿದಳೋ ಗೊತ್ತಿಲ್ಲ, ಹಾಲು ಉಕ್ಕಿ ಹೋಗಿ ಒಲೆ ಆರಿತ್ತು. ನಾನು ಕಣ್ಣು ಕೀಳದೆ ಆ ಕೈಯನ್ನೇ ನೋಡಿದೆ. ಒಂದು ಬೆರಳೂ ಆಡಲಿಲ್ಲ. ಜಾರಿತು, ಎತ್ತಿ ಇಟ್ಟೆ. ಮತ್ತೆ ಜಾರಿತು.

ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ಬಾಗಿಲಲ್ಲಿ ನಿಂತು ಕೇಳಿದಳು. "ಆಡ್ತಾ?"

"ಆಡ್ತು" ಅಂದೆ.

ಅವಳು ನೆಲದ ಮೇಲೆ ಕೂತುಬಿಟ್ಟಳು. ಅಂಥ ಅಳು ನಾನು ಕೇಳಿರಲಿಲ್ಲ. ನಾನು ಮಾಡಿದ್ದು ತಪ್ಪಾಗಿದ್ದರೆ ನನ್ನ ತಲೆಗೇ ಇರಲಿ. ನಿಜ ಹೇಳಿದ್ದರೆ ಅವಳು ಮತ್ತೆಂದೂ ಆ ಸ್ಟೂಲಿನ ಮೇಲೆ ಕೂರುತ್ತಿರಲಿಲ್ಲ. ಅವರು ದಿನಗಟ್ಟಲೆ ಕೇಳಿದ್ದನ್ನು ನಾವು ಮಾತ್ರೆ ಕೊಟ್ಟು ಸುಮ್ಮನಾಗಿಸಿದೆವು ಎನ್ನುವುದು ನನ್ನೊಬ್ಬಳಿಗೆ ಸಾಕು.

ನೀನು ಟಿಕೆಟ್ಟಿನ ದಿನ ಕಾಯಬೇಡ. ಬಾ.

ನಿನ್ನ
ಅಕ್ಕ

*

ಏಪ್ರಿಲ್ 18

ಮಾಮ,

ಅಪ್ಪ ಹೋದ ದಿನ ನೀವು ಬಂದಾಗ ಮನೆ ತುಂಬ ಜನ. ನೀವು ಬಾಗಿಲ ಹತ್ತಿರವೇ ನಿಂತಿದ್ದಿರಿ, ಚಪ್ಪಲಿ ಬಿಟ್ಟಿದ್ದಿರಿ, ಒಳಗೆ ಬಂದಿರಲಿಲ್ಲ. ಆಮೇಲೆ ಅಪ್ಪನನ್ನು ಎತ್ತುವಾಗ ತಲೆಯ ಕಡೆ ನೀವು ಹಿಡಿದಿರಿ. ಸಂಜೆ ನೋಡಿದರೆ ಹೊರಟುಹೋಗಿದ್ದಿರಿ. ನಿಮ್ಮನ್ನು ಒಂದು ಮಾತು ಕೇಳಬೇಕಿತ್ತು, ಅಷ್ಟು ಜನರ ನಡುವೆ ನಿಮಗೆ ಕೇಳಿಸುವ ಹಾಗೆ ಕಿರುಚಿ ಕೇಳುವಂಥದ್ದಲ್ಲ ಅದು.

ಆಸ್ಪತ್ರೆಯಿಂದ ತಂದ ಮೇಲೆ ನಾನು ನುಡಿಸಿದಾಗ ಅಪ್ಪನ ಕೈ ಆಡಿತು ಎಂದು ಅಮ್ಮ ಹೇಳಿದಳು. ಅಮ್ಮ ನಿಜ ಹೇಳುವಾಗ ಜೊತೆಗೆ ಹತ್ತು ಮಾತು ಹೇಳುತ್ತಾಳೆ, ಹೇಗೆ, ಯಾವ ಬೆರಳು, ಎಷ್ಟು ಸಲ, ಎಲ್ಲ. ಅವತ್ತು ಒಂದೇ ಮಾತು ಹೇಳಿದಳು. ನಾನು ಮತ್ತೆ ಕೇಳಿಲ್ಲ. ಕೇಳುವುದೂ ಇಲ್ಲ.

ನಿಮ್ಮನ್ನು ಬೇರೆ ಕೇಳುತ್ತೇನೆ. ನಿಮಗೆ ಅಂಗಾಲಿನಿಂದ ಗೊತ್ತಾಗುತ್ತದೆ ಎಂದಿದ್ದಿರಲ್ಲ. ಆ ಕೋಣೆಯಿಂದ ಆ ಮಂಚದವರೆಗೆ ಅದು ನಿಜವಾಗಿ ಹೋಗುತ್ತದೆಯೇ? ಮಲಗಿರುವ, ಏನೂ ಮಾಡಲಾಗದ ಮನುಷ್ಯನಿಗೂ ತಲುಪುತ್ತದೆಯೇ? ಇಲ್ಲ ಎಂದರೆ ಇಲ್ಲ ಎಂದೇ ಬರೆಯಿರಿ. ಕಾಲೇಜಿನ ಗಡುವಿಗೆ ಇನ್ನೂ ದಿನಗಳಿವೆ, ನಾನು ಸ್ಟೂಲಿನ ಮೇಲೆ ಕೂತಿಲ್ಲ. ಕೂತರೆ ಕಾಲು ಪೆಡಲ್ಲಿನ ಮೇಲೆ ಕಲ್ಲಾಗುತ್ತದೆ.

ಡಬ್ಬಿ

*

ಏಪ್ರಿಲ್ 23

ಮಗಳೇ,

ಒಳಗೆ ಬರಲು ನನಗೆ ಮುಖವಿರಲಿಲ್ಲ. ಮಾರ್ಚ್ ಕೊನೆಗೆ ಟಿಕೆಟ್ ಇಟ್ಟುಕೊಂಡವನು ಏಪ್ರಿಲಿನಲ್ಲಿ ಬಂದರೆ ಯಾವ ಮುಖ ಹೊತ್ತು ಬರುವುದು? ನಿಮ್ಮಮ್ಮ ಬಾ ಎಂದು ಬರೆದ ಮೇಲೂ ನಾನು ಎರಡು ದಿನ ಬ್ಯಾಗು ತುಂಬುವುದು, ತೆಗೆಯುವುದು ಮಾಡಿದೆ. ಅವರೆದುರು ನಿಂತರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಈಗ ತಿಳಿದಿದೆ. ಪಕ್ಕದ ಕೋಣೆಯಲ್ಲಿ ನಿನ್ನ ಸ್ಟೂಲಿನ ಮೇಲೆ ಕೂತು ನಾನೂ ಒಂದಿಷ್ಟು ಪೆಡಲ್ಲು ತುಳಿದಿದ್ದರೆ ಸಾಕಿತ್ತು.

ಅವರ ಕೈ ಆಡಿತೋ ಇಲ್ಲವೋ ನಾನು ನೋಡಿಲ್ಲ. ಆ ಬಗ್ಗೆ ನನಗೆ ಬಾಯಿಲ್ಲ. ನೆಲದ ಬಗ್ಗೆ ಮಾತ್ರ ಹೇಳಬಲ್ಲೆ, ಅದನ್ನೂ ಇಲ್ಲಿ ಕೂತು ಹೇಳಿದರೆ ನಿನ್ನನ್ನು ಸಮಾಧಾನ ಮಾಡಲು ಹೇಳಿದ ಹಾಗಿರುತ್ತದೆ. ಮಂಚ ಇನ್ನೂ ಅಲ್ಲೇ ಇದ್ದರೆ ವಾಪಸು ಕೊಡುವ ಮೊದಲು ಒಂದು ಕೆಲಸ ಮಾಡು. ಅಮ್ಮನನ್ನು ಅದರ ಮೇಲೆ ಮಲಗಿಸು. ಕಿವಿಗೆ ಹತ್ತಿ ತುಂಬು. ಅವಳಿಗೆ ಹೇಳದೆ, ನಿನಗೆ ಮನಸ್ಸು ಬಂದಾಗ ನುಡಿಸು, ಮನಸ್ಸು ಬಂದಾಗ ನಿಲ್ಲಿಸು. ಆಮೇಲೆ ಅವಳನ್ನು ಕೇಳು. ಈ ಸಲ ಹತ್ತು ಮಾತು ಹೇಳಲಿ.

ಕಾಲೇಜಿಗೆ ಕಳಿಸುವುದು ಬಿಡುವುದು ನಿನಗೆ ಬಿಟ್ಟದ್ದು. ಸೆಟ್ಟು ಮಾತ್ರ ವಾಪಸು ಬೇಡ.

ಮಾಮ

*

ಮೇ 6

ತಮ್ಮಾ,

ನಿನ್ನ ಕಾಗದ ಡಬ್ಬಿ ನನಗೂ ಓದಲು ಕೊಟ್ಟಳು. ನನ್ನ ತಮ್ಮ ಕಿವಿ ಕಳೆದುಕೊಂಡರೂ ಬುದ್ಧಿ ಉಳಿಸಿಕೊಂಡಿದ್ದಾನೆ.

ಆ ಮಂಚದ ಮೇಲೆ ಮಲಗಲು ನನಗೆ ಎರಡು ದಿನ ಹಿಡಿಯಿತು. ಒಗೆದು ಹಾಕಿದ ಹಾಸಿಗೆ, ಆದರೂ ಅವರ ಮೈ ಬಿದ್ದ ತಗ್ಗು ಹಾಗೇ ಇದೆ. ನಾನು ಅವರಿಗಿಂತ ಗಿಡ್ಡ, ತಗ್ಗಿನೊಳಗೆ ಮುಳುಗಿಹೋದೆ. ಹತ್ತಿ ತುಂಬಿ ಬಾಗಿಲು ಮುಚ್ಚಿಕೊಂಡು ಹೋದಳು. ಮೇಲೆ ಫ್ಯಾನು ತಿರುಗುತ್ತಿತ್ತು, ಅದರ ಸದ್ದೂ ಇಲ್ಲ. ಇಡೀ ದಿನ ಇದನ್ನೇ ನೋಡುತ್ತ ಅವರು ಹೇಗೆ ಮಲಗಿರುತ್ತಿದ್ದರು ಎಂದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಬಂತು. ಮೊದಲು ಹಿಮ್ಮಡಿಗೆ, ಆಮೇಲೆ ಸೊಂಟಕ್ಕೆ, ಬೆನ್ನಿಗೆ. ಸಣ್ಣವಳಿದ್ದಾಗ ಅಮ್ಮ ನಮ್ಮಿಬ್ಬರನ್ನೂ ಬೆನ್ನು ತಟ್ಟಿ ಮಲಗಿಸುತ್ತಿದ್ದಳಲ್ಲ, ಹಾಗೆ, ಒಳಗಡೆಯಿಂದ. ನಿಂತಿತು. ನಿಂತಾಗ ಎಷ್ಟು ಒಂಟಿ ಅನ್ನಿಸಿತು ತಮ್ಮಾ, ಅದನ್ನು ಬರೆಯಲು ನನಗೆ ಬರುವುದಿಲ್ಲ. ಅವರಿಗೆ ಹಾಗೆ ದಿನಾ ಸಂಜೆ ನಿಂತಿತ್ತು. ಮತ್ತೆ ಬಂತು. ತಟ್ಟೆ ಕಿಣಿಕಿಣಿ ಅನ್ನುತ್ತದೆ ಅಂತ ನಿನಗೆ ದೂರು ಬರೆದವಳು ನಾನು. ಅದು ಬಂದು ಹೋಗುತ್ತಿದ್ದ ಅಷ್ಟು ದಿನದಲ್ಲಿ ಒಮ್ಮೆಯಾದರೂ ಮಂಚದ ಅಂಚಿಗೆ ಕೂತಿದ್ದರೆ ನನಗೇ ತಿಳಿಯುತ್ತಿತ್ತು.

ಅವಳಿಗೆ ಹತ್ತಲ್ಲ, ನೂರು ಮಾತು ಹೇಳಿದೆ. ಎಲ್ಲಿ ಬಂತು, ಎಷ್ಟು ಬಂತು, ನಡುವೆ ಎರಡು ಸಲ ಅವಳು ತಪ್ಪಿದ್ದು ಕೂಡ. ತಪ್ಪಿದ್ದು ಹೇಳಿದ ಮೇಲೆ ನಂಬಿದಳು. ಮರುದಿನದಿಂದ ರೆಕಾರ್ಡಿಂಗಿಗೆ ಕೂತಳು. ಐದು ಸಂಜೆ ನುಡಿಸಿ, ಅಳಿಸಿ, ನುಡಿಸಿ, ನಿನ್ನೆ ಕಾಲೇಜಿಗೆ ಕಳಿಸಿದ್ದಾಳೆ. ನನಗೂ ಹೆಡ್‌ಫೋನ್ ಹಾಕಿ ಕೇಳಿಸಿದಳು. ಚೆನ್ನಾಗಿದೆ ಎಂದು ಕಾಣುತ್ತದೆ, ನನಗೇನು ಗೊತ್ತು. ಕಾಲು ಮಾತ್ರ ಗಟ್ಟಿಯಾಗಿದೆ.

ಒಂದು ವಿಷಯ ನಿನಗಲ್ಲದೆ ಯಾರಿಗೂ ಬರೆಯುವ ಹಾಗಿಲ್ಲ. ನಾನು ಮಂಚದಿಂದ ಎದ್ದು ಕೂತು ಅಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ಅವಳು ಹಾಸಿಗೆಯ ಮೇಲೆ ಬಿದ್ದ ಹತ್ತಿಯನ್ನು ಆಯ್ದುಕೊಂಡಳು. ಕೈ ವಿಷಯ ಎತ್ತುತ್ತಾಳೆ ಎಂದು ಎದೆ ಗಟ್ಟಿ ಮಾಡಿಕೊಂಡೆ. ಎತ್ತಲಿಲ್ಲ.

"ಅವತ್ತು ನಾನು ನುಡಿಸ್ತಿದ್ದಾಗ ಅಪ್ಪನ ಮುಖ ಹೇಗಿತ್ತಮ್ಮ?" ಅಂದಳು.

ಏನಾದರೂ ಹೇಳಬಹುದಿತ್ತು. ಒಮ್ಮೆ ಸುಳ್ಳು ಹೇಳಿದ ಬಾಯಿಗೆ ಇನ್ನೊಂದು ಸುಳ್ಳು ಭಾರವೇ? ಆದರೆ ಬಾಯಿ ಬರಲಿಲ್ಲ. ಅವರು ಕೊನೆಯ ಸಲ ನಮ್ಮ ಮಗಳ ಡ್ರಮ್ಮು ಕೇಳಿದಾಗ ನಾನು ಅವರ ಪಕ್ಕದಲ್ಲೇ, ಒಂದು ಮೊಳ ದೂರದಲ್ಲಿ ಕೂತಿದ್ದೆ. ನಕ್ಕರೋ, ಕಣ್ಣು ತೆರೆದರೋ, ನನ್ನ ಕಡೆ ನೋಡಿದರೋ. ಸಾಕ್ಷಿ ಬೇಕೆಂದು ಆ ಕೈಯನ್ನೇ ಕಾಯುತ್ತ ಕೂತಿದ್ದೆ ತಮ್ಮಾ.

"ಮುಖ ನೋಡಲಿಲ್ಲ ಮಗಳೇ" ಅಂದೆ.

ನಿನ್ನ
ಅಕ್ಕ